ಕೊಸರು ಬೆಲ್ಲ

(ಯುಗಾದಿಗೆ ಮುಂಚಿನ ಭಾನುವಾರ ಕಲಬುರಗಿಯ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಕೆಲವು ಕಡೆ ಬೆಳೆಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ನೀರು ಕುಡೀರಿ. ಹೊರಗೆ ಬಿಸಿಲು ಹೇಗಿದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬಾಗಿಲ ಹತ್ತಿರ ಒಂದು ತಟ್ಟೆಯಲ್ಲಿ ಬೆಲ್ಲ ಇಟ್ಟಿದೆ, ನೋಡಿದಿರಾ? ಅದನ್ನು ನಾನೇ ಹೇಳಿ ಇಡಿಸಿದ್ದು. ಬಿಸಿಲಲ್ಲಿ ಬಂದವರಿಗೆ ಬರೀ ನೀರು ಕೊಡಬಾರದು, ಒಂದು ಚೂರು ಬೆಲ್ಲ ಕೊಟ್ಟು ಆಮೇಲೆ ನೀರು ಕೊಡಬೇಕು ಅಂತ ನಮ್ಮ ಹಳ್ಳಿಗಳಲ್ಲಿ ಒಂದು ಪದ್ಧತಿ ಇತ್ತು. ಈಗ ಫ್ರಿಜ್ಜಿನಿಂದ ಬಾಟಲಿ ತೆಗೆದು ಕೈಗೆ ಕೊಡುತ್ತೇವೆ. ತಪ್ಪೇನಿಲ್ಲ. ಆದರೆ ಆ ಬೆಲ್ಲದ ಚೂರು ಬಾಯಲ್ಲಿ ಕರಗುವಷ್ಟು ಹೊತ್ತು ಬಂದವರು ಕೂತಿರುತ್ತಿದ್ದರು, ಬೆವರು ಆರುತ್ತಿತ್ತು, ಮಾತು ಶುರುವಾಗುತ್ತಿತ್ತು. ಬಾಟಲಿಯ ನೀರು ನಿಂತುಕೊಂಡೇ ಮುಗಿದುಹೋಗುತ್ತದೆ.

ನಾನು ಮೆಡಿಕಲ್ ಅಂಗಡಿಯವನು. 31 ವರ್ಷ ಆಯಿತು. ನಮ್ಮಪ್ಪ ಆಳಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ. "ಅಪ್ಪ ಬೆಲ್ಲ ಮಾರ್ದ, ಮಗ ಕಹಿ ಮಾರ್ಲಿಕತ್ಯಾನ" ಅಂತ ಊರವರು ನಗುತ್ತಿದ್ದರು. ನಿಜ ಹೇಳಬೇಕೆಂದರೆ ನಾನೂ ಸಿಹಿಯನ್ನೇ ಮಾರಿದ್ದು. ಅದು ನನಗೆ ಗೊತ್ತಾಗಲು ಬಹಳ ವರ್ಷ ಬೇಕಾಯಿತು.

ಅಪ್ಪನ ಅಂಗಡಿಯಲ್ಲಿ ಬೆಲ್ಲಕ್ಕೆ ಒಂದು ಮೂಲೆ. ಬೀದರ್ ಕಡೆಯ ಗಾಣದಿಂದ ಪೆಂಟೆ ಬೆಲ್ಲ ಬರುತ್ತಿತ್ತು. ಗೋಣಿತಟ್ಟು ಹೊದಿಸಿದ್ದರೂ ನೊಣ, ಇರುವೆ, ಒಂದೆರಡು ಜೇನುನೊಣ ಯಾವಾಗಲೂ ಹಾಜರು. ಅಪ್ಪ ಸಣ್ಣ ಸಲಾಕೆಯಿಂದ ಪೆಂಟೆ ಒಡೆಯುತ್ತಿದ್ದ. ಒಡೆಯುವುದಕ್ಕೂ ಒಂದು ಲೆಕ್ಕ. ನಡುಮಧ್ಯೆ ಹೊಡೆದರೆ ಪುಡಿ ಜಾಸ್ತಿ, ಅಂಚಿಗೆ ಹೊಡೆದರೆ ಹಲ್ಲೆಹಲ್ಲೆಯಾಗಿ ಬಿಚ್ಚಿಕೊಳ್ಳುತ್ತದೆ. ತಕ್ಕಡಿಗೆ ಹಾಕಿ, ಮುಳ್ಳು ನಡುವೆ ನಿಂತ ಮೇಲೆ, ಕೆಳಗೆ ಬಿದ್ದ ಒಂದು ಚೂರನ್ನು ಬೆರಳಲ್ಲಿ ಎತ್ತಿ ಮೇಲೆ ಹಾಕುತ್ತಿದ್ದ. ಬೆಲ್ಲದ ಕಡೆ ತಟ್ಟೆ ಮೆಲ್ಲಗೆ ಬಾಗುತ್ತಿತ್ತು. ಆ ಚೂರಿಗೆ ಕೊಸರು ಅಂತ ಹೆಸರು.

ಕೊಸರು ಎಷ್ಟಿರುತ್ತದೆ? ಐದು ಗ್ರಾಂ ಇರಬಹುದು, ಹತ್ತು ಇರಬಹುದು. ಆದರೆ ಅದು ಇಲ್ಲದೆ ವ್ಯಾಪಾರ ಮುಗಿಯುತ್ತಿರಲಿಲ್ಲ. ಕೊತ್ತಂಬರಿ ಮಾರುವ ಯಲ್ಲವ್ವನಿಗೂ ಕೊಸರು ಗೊತ್ತು, ಹಾಲಿನವನಿಗೂ ಗೊತ್ತು. ಅಳತೆ ಮಾಡಿ ಹಾಕಿದ ಮೇಲೆ ಒಂದು ತುಣುಕು ಸುರಿಯಬೇಕು. ಅಳೆದದ್ದಕ್ಕೆ ದುಡ್ಡು, ಅಳೆಯದೆ ಇದ್ದದ್ದಕ್ಕೆ ಸಂಬಂಧ. ಸಣ್ಣ ಮಕ್ಕಳು ಒಂದು ರೂಪಾಯಿ ಚಹಾಪುಡಿಗೆ ಬಂದರೂ ಅಪ್ಪ ಒಂದು ಚೂರು ಬೆಲ್ಲವನ್ನು ನೇರ ಬಾಯಿಗೇ ಹಾಕಿ ಕಳಿಸುತ್ತಿದ್ದ. ಅವ್ವ ಬೈಯುತ್ತಿದ್ದಳು, "ದಿನಾ ಅರ್ಧ ಪೆಂಟಿ ಕೊಸರಿಗೇ ಹೋಗ್ತದ." ಅಪ್ಪ ಸುಮ್ನೆ ನಗುತ್ತಿದ್ದ. ಆ ಮಕ್ಕಳೇ ದೊಡ್ಡವರಾದ ಮೇಲೆ ಬೇರೆ ಅಂಗಡಿ ದಾಟಿ ನಮ್ಮ ಅಂಗಡಿಗೆ ಬರುತ್ತಿದ್ದರು. ಅಪ್ಪ ಅಷ್ಟೇನೂ ಪಾಪದವನಲ್ಲ!

ಅದೇ ಅಂಗಡಿಯ ಗೋಡೆಯ ಮೇಲೆ ಒಂದು ಬೋರ್ಡು. ನೀವೂ ಎಷ್ಟೋ ಕಡೆ ಓದಿರುತ್ತೀರಿ. "ಇಂದು ನಗದು, ನಾಳೆ ಉದ್ರಿ." ಉದ್ರಿ ಕೊಡುವುದಿಲ್ಲ ಅಂತ ಬರೆದರೆ ಗಿರಾಕಿಗೆ ಸಿಟ್ಟು ಬರುತ್ತದೆ. ನಾಳೆ ಕೊಡುತ್ತೇನೆ ಅಂದರೆ ಯಾರಿಗೂ ಬೇಜಾರಿಲ್ಲ, ನಾಳೆ ಬಂದರೂ ಬೋರ್ಡು ಅದನ್ನೇ ಹೇಳುತ್ತದೆ. ಒಂದು ಕಡೆ ಕೊಸರು, ಒಂದು ಕಡೆ ಈ ಬೋರ್ಡು. ಎರಡೂ ಸಿಹಿಯೇ. ಮೊದಲನೆಯದರಲ್ಲಿ ಬೆಲ್ಲ ಇದೆ. ಎರಡನೆಯದು ಮೊಣಕೈಗೆ ಹಚ್ಚಿದ ಬೆಲ್ಲ. ವಾಸನೆ ಬರುತ್ತದೆ, ನಾಲಿಗೆ ಎಟುಕುವುದಿಲ್ಲ.

ಬೆಲ್ಲಕ್ಕೇ ಬೆಲ್ಲ ಹಚ್ಚುವವರೂ ಇದ್ದಾರೆ. ಬೆಲ್ಲದ ಸಹಜ ಬಣ್ಣ ಕಂದು. ಗಾಣದ ಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡದ ಲೋಳೆ ಹಾಕುತ್ತಾರೆ, ಕೊಳೆ ಮೇಲೆ ಬರುತ್ತದೆ, ತೆಗೆಯುತ್ತಾರೆ. ಸುಣ್ಣದ ನೀರೂ ಬೀಳುತ್ತದೆ. ಇಷ್ಟರಲ್ಲಿ ಮುಗಿಯಬೇಕು. ಆದರೆ ಗಿರಾಕಿಗೆ ಹಳದಿ ಬೆಲ್ಲ ಬೇಕು. ಅದಕ್ಕೆ ಕೆಲವರು ಹೈಡ್ರೋಸ್ ಅನ್ನುವ ಬಿಳಿ ಪುಡಿ ಹಾಕುತ್ತಾರೆ. ಗಂಧಕದ ಸಂಯುಕ್ತ, ಬಟ್ಟೆಯ ಬಣ್ಣ ತೆಗೆಯಲು ಬಳಸುವಂಥದ್ದು. ಬೆಲ್ಲ ಬಂಗಾರದಂತೆ ಹೊಳೆಯುತ್ತದೆ. ಅಪ್ಪ ಎರಡೂ ಇಡುತ್ತಿದ್ದ. "ಕರಿ ಬೆಲ್ಲ ಮನಿಗೆ, ಹಳದಿ ಬೆಲ್ಲ ಮಂದಿಗೆ" ಅನ್ನುತ್ತಿದ್ದ. ಅವನ ಬಗ್ಗೆ ನನಗೆ ಎಷ್ಟೇ ಪ್ರೀತಿ ಇದ್ದರೂ ಈ ಮಾತು ನನಗೆ ಇವತ್ತಿಗೂ ಸರಿಬರುವುದಿಲ್ಲ.

ಸಿಹಿ ಅನ್ನುವ ಪದ ನೋಡಿ. ನಮ್ಮ ಕಡೆ ಅದನ್ನು ಮೊದಲು ಬಳಸುವುದು ತಿಂಡಿಗಲ್ಲ, ನೀರಿಗೆ. ಹೆಣ್ಣು ಕೊಡುವ ಮುಂಚೆ ಹಿರಿಯರು ಕೇಳುತ್ತಿದ್ದ ಪ್ರಶ್ನೆ, "ಆ ಊರಾಗ ಸೀ ನೀರ ಅದನೋ, ಸವಳ ನೀರೋ?" ಸಿಹಿನೀರಿನಲ್ಲಿ ಸಕ್ಕರೆ ಎಲ್ಲಿದೆ? ಉಪ್ಪಿಲ್ಲ, ಅಷ್ಟೇ. ಬೇಳೆ ಬೇಯುತ್ತದೆ, ಸೋಪು ನೊರೆ ಬರುತ್ತದೆ, ಗಂಟಲಿಗೆ ಹಿತ. ಬೀದರ್‌ನಲ್ಲಿ 15ನೇ ಶತಮಾನದ ಬಹಮನಿ ಕಾಲದ ಕರೇಜ್ ಇದೆಯಲ್ಲ, ನೆಲದಡಿಯ ಸುರಂಗದಲ್ಲಿ ನೀರು ಹರಿಸುವ ವ್ಯವಸ್ಥೆ, ಅದೂ ಕುಡಿಯುವ ನೀರಿಗಾಗಿ ಪಟ್ಟ ಕಷ್ಟವೇ. ಅದೇ ಊರಿನ ಗುರುನಾನಕ್ ಝೀರಾದ ಕಥೆಯೂ ನೀರಿನದೇ. ಎಲ್ಲಿ ತೋಡಿದರೂ ಉಪ್ಪುನೀರು ಬರುತ್ತಿತ್ತು, ಗುರುನಾನಕರು ಗುಡ್ಡದ ಕಲ್ಲನ್ನು ಪಾದದಿಂದ ಮುಟ್ಟಿದಾಗ ಸಿಹಿನೀರು ಬುಗ್ಗೆಯಾಗಿ ಬಂತು ಅನ್ನುವುದು ಅಲ್ಲಿನವರ ನಂಬಿಕೆ. ಇವತ್ತಿಗೂ ಹೋದವರು ಆ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಬರುತ್ತಾರೆ. ನಾನು ಕುಡಿದಿದ್ದೇನೆ. ಬರೀ ನೀರಿನ ರುಚಿ. ಬೇಸಿಗೆಯಲ್ಲಿ ಬೀದರ್ ಬಸ್ಸು ಇಳಿದವನಿಗೆ ಅದಕ್ಕಿಂತ ಸಿಹಿ ಬೇರೆ ಇಲ್ಲ.

ಸಕ್ಕರೆ ಅನ್ನುವ ಪದವಂತೂ ಕಲ್ಲಿನಿಂದ ಬಂದದ್ದು. ಸಂಸ್ಕೃತದ ಶರ್ಕರಾ ಅಂದರೆ ಗರಸು, ಹರಳು. ಆಯುರ್ವೇದದಲ್ಲಿ ಮೂತ್ರದಲ್ಲಿ ಬೀಳುವ ಹರಳಿಗೂ ಇದೇ ಹೆಸರು. ಅದೇ ಪದ ಪರ್ಶಿಯನ್‌ನಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್, ಹಾಗೇ ಮುಂದೆ ಹೋಗಿ ಇಂಗ್ಲಿಷಿನಲ್ಲಿ ಶುಗರ್ ಆಯಿತು. ಪ್ರಪಂಚ ಸುತ್ತಿ ಕೊನೆಗೆ ನಮ್ಮ ಓಣಿಗೇ ವಾಪಸು ಬಂತು. ಹೇಗೆ ಬಂತು? "ನಮ್ಮ ಮಾವಗ ಸ್ವಲ್ಪ ಶುಗರ್ ಅದ ರೀ" ಅಂತ.

ಆ "ಸ್ವಲ್ಪ" ಗಮನಿಸಿ. ನನ್ನ ಅಂಗಡಿಗೆ ಬರುವ ಯಾರಿಗೂ ಪೂರ್ತಿ ಶುಗರ್ ಇಲ್ಲ. ಎಲ್ಲರಿಗೂ ಸ್ವಲ್ಪ, ಎಲ್ಲರದೂ ಬಾರ್ಡರ್‌ನಲ್ಲಿ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ರೋಗ ಇದೆ. ಅಷ್ಟೂ ಜನ ಬಾರ್ಡರ್‌ನಲ್ಲಿ ನಿಂತರೆ ದೇಶದ ಗಡಿ ಸಾಲುವುದಿಲ್ಲ. ಹಿಂದಿನವರೂ ಕಡಿಮೆ ಏನಿಲ್ಲ, ರೋಗಕ್ಕೆ ಮಧುಮೇಹ ಅಂತ ಜೇನಿನ ಹೆಸರಿಟ್ಟರು. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತೇನು. "ಸಕ್ರಿ ಬಿಟ್ಟೀನಿ, ಈಗ ಬೆಲ್ಲದ ಚಾ ಕುಡೀತೀನಿ" ಅಂತ ದಿನಕ್ಕೆ ನಾಲ್ಕು ಜನ ಹೆಮ್ಮೆಯಿಂದ ಹೇಳುತ್ತಾರೆ. ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ. ರಕ್ತಕ್ಕೆ ಬಣ್ಣ ಕಾಣುವುದಿಲ್ಲ.

ಈಗ ನನ್ನ ಕಸುಬಿಗೆ ಬರುತ್ತೇನೆ. ಮಕ್ಕಳಿಗೆ ಕೊಡುವ ಕೆಮ್ಮಿನ ಔಷಧ ಗೊತ್ತಲ್ಲ? ಆ ಸಿರಪ್ಪಿನ ತಳಪಾಯ ಸಕ್ಕರೆ ಪಾಕ. ಔಷಧಶಾಸ್ತ್ರದಲ್ಲಿ ಅದಕ್ಕೆ ಸಿಂಪಲ್ ಸಿರಪ್ ಅಂತಾರೆ. 100 ಗ್ರಾಂ ಪಾಕದಲ್ಲಿ ಸುಮಾರು 67 ಗ್ರಾಂ ಸಕ್ಕರೆ. ಅಷ್ಟು ಗಟ್ಟಿ ಪಾಕದಲ್ಲಿ ಸೂಕ್ಷ್ಮಜೀವಿಗಳೂ ಬದುಕಲಾರವು, ಅದಕ್ಕೇ ಅದು ಕೆಡುವುದಿಲ್ಲ. ನಮ್ಮ ಮನೆಯ ಮಾವಿನ ಮುರಬ್ಬ ಕೆಡದೆ ಉಳಿಯುವುದೂ ಇದೇ ಕಾರಣಕ್ಕೆ. ಅಂದರೆ ಸಿಹಿ ಇಲ್ಲಿ ರುಚಿಗಷ್ಟೇ ಅಲ್ಲ, ಕಾವಲಿಗೂ ಇದೆ.

ಆದರೆ ಸಿಹಿಯನ್ನು ಕಣ್ಣುಮುಚ್ಚಿ ನಂಬಬಾರದು ಅಂತ ಕಲಿಸಿದ್ದೂ ಒಂದು ಸಿಹಿ ಔಷಧವೇ. 1937ರಲ್ಲಿ ಅಮೆರಿಕದಲ್ಲಿ ಸೋಂಕಿಗೆ ಕೊಡುವ ಸಲ್ಫಾ ಔಷಧವನ್ನು ಮಕ್ಕಳಿಗೂ ಕುಡಿಸಲು ಬರುವಂತೆ ದ್ರವವಾಗಿ ಮಾಡಿದರು. ಕರಗಿಸಲು ಡೈಎಥಿಲೀನ್ ಗ್ಲೈಕಾಲ್ ಅನ್ನುವ ರಾಸಾಯನಿಕ ದ್ರವ ಬಳಸಿದರು. ಅದು ತಾನೇ ಸಿಹಿ. ಮೇಲೆ ರಾಸ್‌ಬೆರಿ ಹಣ್ಣಿನ ಪರಿಮಳ ಬೇರೆ. ಬಣ್ಣ, ವಾಸನೆ, ರುಚಿ ಎಲ್ಲವನ್ನೂ ನೋಡಿದರು. ವಿಷವೋ ಅಲ್ಲವೋ ಅಂತ ಮಾತ್ರ ನೋಡಲಿಲ್ಲ. 100ಕ್ಕೂ ಹೆಚ್ಚು ಜನ ಮೂತ್ರಪಿಂಡ ಕೆಟ್ಟು ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ಮರುವರ್ಷ ಅಲ್ಲಿ ಹೊಸ ಕಾನೂನು ಬಂತು. ಮಾರುವ ಮುಂಚೆ ಔಷಧ ಸುರಕ್ಷಿತ ಅಂತ ತೋರಿಸಬೇಕು ಅನ್ನುವುದು ಅಲ್ಲಿಂದ ಗಟ್ಟಿಯಾಯಿತು. ಕಹಿಯಾಗಿದ್ದರೆ ಆ ಮಕ್ಕಳು ಉಗುಳುತ್ತಿದ್ದವೇನೋ.

ಇದಕ್ಕೆ ಎದುರಾಗಿ ಇನ್ನೊಂದು ಕಥೆ. ಬಾಗಿಲಲ್ಲಿ ಬೆಲ್ಲ-ನೀರು ಕೊಟ್ಟೆವಲ್ಲ, ಅದಕ್ಕೆ ಹತ್ತಿರದ್ದು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದು ಸೇರಿದ್ದರು. ಕಾಲರಾ ಹಬ್ಬಿತು. ಸಲೈನ್ ಬಾಟಲಿ ಮುಗಿದುಹೋದವು. ಅಲ್ಲಿದ್ದ ವೈದ್ಯ ದಿಲೀಪ್ ಮಹಲನಬೀಸ್ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. 100ಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಇವತ್ತು ನಾನು ಅಂಗಡಿಯಲ್ಲಿ ಕೊಡುವ ಓಆರ್‌ಎಸ್ ಪೊಟ್ಟಣ ಅದೇ.

ಅದರಲ್ಲಿ ಸಕ್ಕರೆ ಯಾಕೆ? ರುಚಿಗೆ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಅಲ್ಲ. ಭೇದಿ ಹತ್ತಿದಾಗ ಕರುಳು ಬರೀ ಉಪ್ಪನ್ನು ಸರಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದರೆ ಉಪ್ಪು ಸಕ್ಕರೆಯ ಜೊತೆ ಬಂದರೆ ಬಾಗಿಲು ತೆಗೆಯುತ್ತದೆ. ಇಬ್ಬರೂ ಕೈಹಿಡಿದು ಒಳಗೆ ಹೋಗುತ್ತಾರೆ, ಹಿಂದೆ ನೀರು ಹೋಗುತ್ತದೆ. ಮನೆಯಲ್ಲಿ ಮಾಡುವುದಾದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮಟ್ಟಸವಾದ ಚಹಾ ಚಮಚ, ಗೋಪುರ ಕಟ್ಟಬೇಡಿ. ರುಚಿಯಾಗಲಿ ಅಂತ ಸಕ್ಕರೆ ಜಾಸ್ತಿ ಹಾಕಿದರೆ ಭೇದಿ ಇನ್ನೂ ಹೆಚ್ಚಾಗುತ್ತದೆ.

ಈಗ ಕುಸುರೆಳ್ಳು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಲು ಬಿಡಿ.

ಸಂಕ್ರಾಂತಿಗೆ ಹತ್ತು ದಿನ ಇರುವಾಗ ಅವ್ವ ಶುರುಮಾಡುತ್ತಿದ್ದಳು. ಬೆಳಗಿನ ಜಾವ, ಚಳಿ ಇರುವಾಗಲೇ ಆಗಬೇಕು. ಒಲೆಯಲ್ಲಿ ಬರೀ ಕೆಂಡ, ಮೇಲೆ ಅಗಲವಾದ ಹಿತ್ತಾಳೆ ಪರಾತ, ಅದರಲ್ಲಿ ಒಂದು ಹಿಡಿ ಬಿಳಿ ಎಳ್ಳು. ಪಕ್ಕದಲ್ಲಿ ಸಕ್ಕರೆ ಪಾಕ. ಪಾಕ ಕುದಿಯುವಾಗ ಒಂದು ಚಮಚ ಹಾಲು ಹಾಕಿ ಕೊಳೆ ತೆಗೆದಿರುತ್ತಾಳೆ. ಒಂದೇ ಒಂದು ಚಮಚ ಪಾಕ ಎಳ್ಳಿನ ಮೇಲೆ ಬಿಡುವುದು, ಬೆರಳ ತುದಿಯಿಂದ ಆಡಿಸುವುದು. ಒಣಗುವ ತನಕ ಆಡಿಸುವುದು. ಮತ್ತೆ ಒಂದು ಚಮಚ. ಅವಸರ ಮಾಡಿ ಎರಡು ಚಮಚ ಹಾಕಿದರೆ ಮುದ್ದೆ. ಶಾಖ ಜಾಸ್ತಿಯಾದರೆ ಪಾಕ ಕಂದು. ಮೊದಲ ದಿನ ಎಳ್ಳು ಎಳ್ಳಿನ ಹಾಗೇ ಕಾಣುತ್ತದೆ. ಮೂರನೇ ದಿನ ಬೆಳ್ಳಗೆ ಗುಂಡಗೆ. ಐದನೇ ದಿನ ಮೈಮೇಲೆ ಸಣ್ಣ ಸಣ್ಣ ಮುಳ್ಳು ಏಳುತ್ತವೆ. ಅವೇ ಕುಸುರು. ಮುಳ್ಳು ಎದ್ದ ದಿನ ಅವ್ವನ ಮುಖ ನೋಡಬೇಕಿತ್ತು.

ಕಾಲೇಜಿನಲ್ಲಿ ಫಾರ್ಮಸಿ ಓದುವಾಗ ಗುಳಿಗೆಗೆ ಸಕ್ಕರೆ ಲೇಪ ಹಾಕುವ ಪಾಠ ಬಂತು. ದೊಡ್ಡ ತಾಮ್ರದ ಪಾತ್ರೆ ಓರೆಯಾಗಿ ತಿರುಗುತ್ತಿರುತ್ತದೆ. ಒಳಗೆ ಗುಳಿಗೆಗಳು ಉರುಳುತ್ತಿರುತ್ತವೆ. ಸ್ವಲ್ಪ ಪಾಕ ಸುರಿಯುತ್ತಾರೆ, ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ, ಮತ್ತೆ ಸ್ವಲ್ಪ ಪಾಕ. ಲೇಪ ಮುಗಿಯುವ ಹೊತ್ತಿಗೆ ಗುಳಿಗೆಯ ತೂಕ ಕೆಲವು ಸಲ ದುಪ್ಪಟ್ಟಾಗಿರುತ್ತದೆ. ಮೇಷ್ಟ್ರು ಕಷ್ಟಪಟ್ಟು ವಿವರಿಸುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಎಬ್ಬಿಸಿ ನಿಲ್ಲಿಸಿ ಯಾಕೆ ನಗ್ತೀಯಾ ಅಂದರು. "ಸರ್, ಇದು ನಮ್ಮವ್ವನ ಕುಸುರೆಳ್ಳು" ಅಂದೆ. ಅವರೂ ಬೀದರ್ ಕಡೆಯವರು. ನಕ್ಕು ಕೂರಿಸಿದರು.

ಕುಸುರೆಳ್ಳು ಹಂಚುವಾಗ ಹೇಳುವ ಮಾತು ಎಲ್ಲರಿಗೂ ಗೊತ್ತು. "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣು." ನಮ್ಮೂರಿನ ಮರಾಠಿ ಮನೆಗಳಲ್ಲಿ "ತೀಳಗುಳ ಘ್ಯಾ, ಗೋಡ ಗೋಡ ಬೋಲಾ" ಅಂತಾರೆ. ಇದು ಒಂಥರಾ ಮುಂಗಡ, ಅಲ್ವಾ? ಮೊದಲು ಸಿಹಿ ಕೊಡುವುದು, ಆಮೇಲೆ ವರ್ಷವಿಡೀ ಸಿಹಿ ಮಾತು ವಸೂಲಿ ಮಾಡುವುದು. ಹೊಲದ ಬದುವಿಗೆ ಜಗಳವಾಡಿ ಎರಡು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಆವತ್ತು ಮಾತ್ರ ಒಬ್ಬರ ಅಂಗೈಗೆ ಒಬ್ಬರು ನಾಲ್ಕು ಕಾಳು ಹಾಕಿ, ಮುಖ ನೋಡದೆ ಆ ಮಾತು ಹೇಳಿ ಹೋಗುತ್ತಿದ್ದುದನ್ನು ನಾನು ಕಂಡಿದ್ದೇನೆ.

ಅಲಾಯಿ ಹಬ್ಬದಲ್ಲಿ, ಅಂದರೆ ಮೊಹರಂನಲ್ಲಿ, ಸಕ್ಕರೆ ಓದಿಸುವುದು ಇದೆಯಲ್ಲ, ಅದೂ ನಮ್ಮ ಕಡೆಯದೇ ಚೆಂದ. ಮೊಹರಂ ಅಂದರೆ ಶೋಕದ ಹಬ್ಬ. ಆದರೆ ಹಳ್ಳಿಯಲ್ಲಿ ಲಿಂಗಾಯತರು, ಕುರುಬರು, ಎಲ್ಲರೂ ಸಕ್ಕರೆ ಪೊಟ್ಟಣ ಹಿಡಿದು ಅಲಾಯಿ ದೇವರ ಮುಂದೆ ನಿಲ್ಲುತ್ತಾರೆ. ಮುಲ್ಲಾ ಫಾತಿಹಾ ಓದುತ್ತಾನೆ, ಒಂದು ಹಿಡಿ ತಾನು ಇಟ್ಟುಕೊಂಡು ಉಳಿದದ್ದನ್ನು ವಾಪಸು ಕೊಡುತ್ತಾನೆ. ಅಂಗಡಿಯಿಂದ ತಂದಿದ್ದ ಸಕ್ಕರೆ ಓದಿಸಿದ ಮೇಲೆ ಪ್ರಸಾದ. ಅಪ್ಪ ಆ ವಾರ ಎರಡು ಚೀಲ ಜಾಸ್ತಿ ತರಿಸುತ್ತಿದ್ದ ಅನ್ನುವುದು ಬೇರೆ ಮಾತು.

ಮಾತಿಗೆ ಸಕ್ಕರೆ ಹಾಕುವುದರಲ್ಲಿ ಹೆಣ್ಣುಮಕ್ಕಳನ್ನು ಮೀರಿಸಿದವರಿಲ್ಲ. ಅವ್ವನ ಕೈಬಳೆ ಒಡೆದರೆ ಒಡೆಯಿತು ಅನ್ನುತ್ತಿರಲಿಲ್ಲ. "ಬಳಿ ಹೆಚ್ಚಾದ್ವು" ಅನ್ನುತ್ತಿದ್ದಳು. ಕುಂಕುಮ ಖಾಲಿಯಾದರೂ ಹೆಚ್ಚಾಯ್ತು. ದೀಪ ಆರಿಸುವುದಿಲ್ಲ, ಶಾಂತ ಮಾಡುತ್ತಾರೆ. ಮನೆಯಿಂದ ಹೊರಡುವಾಗ "ಹೋಗ್ತೀನಿ" ಅಂದರೆ ಹೊಡೆತ ಬೀಳುತ್ತಿತ್ತು, "ಹೋಗಿ ಬರ್ತೀನಿ" ಅನ್ನಬೇಕು. ಇದರಲ್ಲಿ ಮೋಸ ಇಲ್ಲ. ಬಳೆ ಒಡೆದದ್ದು ಹೇಳಿದವಳಿಗೂ ಗೊತ್ತು, ಕೇಳಿದವಳಿಗೂ ಗೊತ್ತು. ನಮ್ಮ "ರೀ" ಕೂಡ ಹಾಗೇ. ಬರ್ರಿ, ಕೂಡ್ರಿ, ಹೌದ್ರಿ. ಬೈಯುವಾಗಲೂ ಬಿಡುವುದಿಲ್ಲ. "ನಿಮಗ ಬುದ್ಧಿ ಅದನ ಇಲ್ಲ ರೀ?" ಬೈಗುಳ ಪೂರ್ತಿ ಇದೆ, ಮೇಲೆ ಒಂದು ಚಿಟಿಕೆ ಸಕ್ಕರೆ.

ಆದರೆ ಇನ್ನೊಂದು ಜಾತಿಯ ಸಿಹಿ ಮಾತಿದೆ. ಅಂಗಡಿ ಇಟ್ಟ ಹೊಸತರಲ್ಲಿ ಒಂದು ಕಾಗದಕ್ಕಾಗಿ ಒಂದು ಕಚೇರಿಗೆ ಅಲೆಯುತ್ತಿದ್ದೆ. ಗುಮಾಸ್ತರು ಬಹಳ ಮೆತ್ತಗೆ ಮಾತಾಡುತ್ತಿದ್ದರು. "ನೋಡೂಣ್ರಿ." "ಆಗ್ತದ್ರಿ." ಒಂದು ದಿನ "ಹೊಸ ಅಂಗಡಿ ಇಟ್ಟೀರಿ, ನಮ್ಮ ಬಾಯಿ ಸಿಹಿ ಮಾಡಂಗಿಲ್ಲೇನು?" ಅಂದರು. ನನಗೆ ಆಗ 24 ವರ್ಷ. ಖುಷಿಯಾಯಿತು. ಸಂಜೆ ಅರ್ಧ ಕಿಲೋ ಪೇಡೆ ಒಯ್ದೆ. ಡಬ್ಬಿ ತೆಗೆದು ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಡಬ್ಬಿ ನೋಡಿದರು. ಎರಡು ಪೇಡೆ ತಿಂದರು. ಫೈಲು ಎಲ್ಲಿತ್ತೋ ಅಲ್ಲೇ ಇತ್ತು. ಹೊರಗೆ ಚಹಾ ಅಂಗಡಿಯವನು ನನಗೆ ಕನ್ನಡ ಅರ್ಥ ಮಾಡಿಸಿದ.

ಬಸವಣ್ಣನವರು ನಮ್ಮ ಪಕ್ಕದ ಕಲ್ಯಾಣದಲ್ಲಿದ್ದವರು. ಮೃದುವಚನವೇ ಜಪ, ಮೃದುವಚನವೇ ತಪ ಅಂದವರು ಅವರೇ. ಬೇವಿನ ಬೀಜ ಬಿತ್ತಿ, ಬೆಲ್ಲದ ಕಟ್ಟೆ ಕಟ್ಟಿದರೂ ಕಹಿ ಹೋಗದು ಅಂದವರೂ ಅವರೇ. ಒಂದನ್ನೇ ಹಿಡಿದುಕೊಂಡವರು ಅರ್ಧ ಓದಿದ ಹಾಗೆ. ನಾನು ಬಹಳ ದಿನ ಆ ಅರ್ಧದಲ್ಲೇ ಇದ್ದೆ. ಅದನ್ನು ಹೇಳುತ್ತೇನೆ.

2008ರ ಕೊನೆ. ಎಳ್ಳು ಅಮಾಸಿ. ಆವತ್ತು ನಮ್ಮ ಕಡೆ ಯಾರೂ ಮನೆಯಲ್ಲಿ ಇರುವುದಿಲ್ಲ ಅಂತ ನಿಮಗೆ ಗೊತ್ತು. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯೆ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ. ಅಪ್ಪ ಬರಿಗಾಲಲ್ಲಿ ಹೊಲ ಸುತ್ತಿ, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿದ. ಕೊಯ್ದ ತೊಗರಿಯ ಚೂಪಾದ ಬುಡ ಎಲ್ಲೋ ಕಾಲಿಗೆ ಚುಚ್ಚಿದೆ. ಅವನಿಗೆ ಗೊತ್ತೇ ಆಗಲಿಲ್ಲ. ಹತ್ತು ವರ್ಷದ "ಸ್ವಲ್ಪ ಶುಗರ್" ಅವನ ಪಾದದ ನರಗಳನ್ನು ಮಂಕು ಮಾಡಿತ್ತು. ಎರಡು ವಾರದ ಮೇಲೆ ಅವ್ವ ಕಾಲ್ಚೀಲದ ಮೇಲೆ ಕಲೆ ನೋಡಿ ನನಗೆ ಫೋನ್ ಮಾಡಿದಳು. ಕಲಬುರಗಿಗೆ ಕರೆತಂದು ತೋರಿಸಿದೆ. ಡಾಕ್ಟರು ನನ್ನನ್ನು ಹೊರಗೆ ಕರೆದು ಸ್ಪಷ್ಟವಾಗಿ ಹೇಳಿದರು. ಕಿರುಬೆರಳು ಉಳಿಯುವುದಿಲ್ಲ, ಇವತ್ತೇ ದಾಖಲು ಮಾಡಿ, ಕಾಲು ಕೆಳಗೆ ಇಡಬಾರದು.

ಸಂಕ್ರಾಂತಿಗೆ ನಾಲ್ಕು ದಿನ ಇತ್ತು. ಹಬ್ಬದ ಮರುದಿನ ತಂಗಿಯ ಮಗಳ ನಿಶ್ಚಯ. ಅಪ್ಪನೇ ಮುಂದೆ ನಿಂತು ಮಾಡುವುದಿತ್ತು. ನಾನು ಲೆಕ್ಕ ಹಾಕಿದೆ. ನಾಲ್ಕು ದಿನದಲ್ಲಿ ಏನಾಗುತ್ತದೆ, ಗುಳಿಗೆ ಕೊಟ್ಟರಾಯಿತು, ಯಾಕೆ ಸುಮ್ನೆ ಹೆದರಿಸುವುದು. ಊರಿಗೆ ವಾಪಸು ಕರೆದುಕೊಂಡು ಹೋದೆ. ಅವ್ವ ಕೆಂಡದ ಮುಂದೆ ಕೂತು ಕುಸುರೆಳ್ಳು ಆಡಿಸುತ್ತಿದ್ದಳು. "ಏನಂದ್ರು?" ಅಂದಳು. ಅಪ್ಪನೂ ನನ್ನ ಮುಖ ನೋಡಿದ. "ಏನಿಲ್ಲ, ಸಣ್ಣ ಗಾಯ. ಹಬ್ಬ ಮುಗಿಸಿ ಒಂದ್ ಸಲ ತೋರಿಸಿದ್ರಾಯ್ತು" ಅಂದೆ. ಎಷ್ಟು ಚೆನ್ನಾಗಿ ಹೇಳಿದೆ ಅಂದರೆ, ನಾನೇ ನಂಬಿಬಿಟ್ಟೆ.

ಸಂಕ್ರಾಂತಿ ದಿನ ಅಪ್ಪ ಎಂದಿನಂತೆ ಕುಸುರೆಳ್ಳಿನ ಡಬ್ಬಿ ಹಿಡಿದು ಊರೆಲ್ಲ ಸುತ್ತಿದ. ಸಣ್ಣ ಗಾಯ ಅಲ್ವಾ? ಮನೆಮನೆಗೆ ಹೋದ. ನಿಶ್ಚಯದ ದಿನ ಬೆಳಗಿನಿಂದ ಸಂಜೆ ತನಕ ನಿಂತೇ ಇದ್ದ. ಅದರ ರಾತ್ರಿ ಜ್ವರ ಬಂತು. ಒಂದು ಬೆರಳು ಹೋಗಬೇಕಾದಲ್ಲಿ ಅರ್ಧ ಪಾದ ಹೋಯಿತು.

ಅಪ್ಪ ನನಗೆ ಬೈಯಲಿಲ್ಲ. ಆಸ್ಪತ್ರೆಯಲ್ಲಿ ಆರನೇ ದಿನವೋ ಏಳನೇ ದಿನವೋ, ಡಾಕ್ಟರು ಮೊದಲೇ ಹೇಳಿದ್ದರು ಅನ್ನುವುದು ನರ್ಸ್ ಬಾಯಿಂದ ಅವನಿಗೆ ಗೊತ್ತಾಯಿತು. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ, "ತಮ್ಮಾ, ಎಳ್ಳ ಇಲ್ಲದ ಕುಸುರೆಳ್ಳ ಕೊಟ್ಟಿಯಲ್ಲೋ ನನಗ."

ಇದನ್ನು ನಾನು ಸಭೆಯಲ್ಲಿ ಹೇಳುತ್ತಿರುವುದು ಇದೇ ಮೊದಲು.

ಅಪ್ಪ ಮುಂದೆ ಏಳು ವರ್ಷ ಬದುಕಿದ. ಕೋಲು ಹಿಡಿದು ಅಂಗಡಿಗೆ ಹೋಗಿ ಕೂರುತ್ತಿದ್ದ. ಕೊಸರು ಹಾಕುವುದು ಬಿಡಲಿಲ್ಲ. ರಿಪೋರ್ಟ್ ಬಂದಾಗಲೆಲ್ಲ ನನ್ನ ಕೈಯಿಂದ ಕಿತ್ತುಕೊಂಡು ತಾನೇ ನೋಡುತ್ತಿದ್ದ. ಇಂಗ್ಲಿಷ್ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. "ಎರಡನೂರಾ ಹತ್ತು. ಇದಕ್ಕ ಏನಂತಿ?" ನಾನು ಜಾಸ್ತಿ ಅಂತ ಹೇಳಬೇಕು. ಸ್ವಲ್ಪ ಜಾಸ್ತಿ ಅಂದರೆ ಕಣ್ಣು ಕೆಂಪಗೆ ಮಾಡುತ್ತಿದ್ದ.

ಈಗ ಇನ್ಸುಲಿನ್ ಚೀಟಿ ಹಿಡಿದು ಮೊದಲ ಸಲ ಬರುವವರನ್ನು ನಾನು ಕೌಂಟರಿನಲ್ಲೇ ಮಾತಾಡಿಸಿ ಕಳಿಸುವುದಿಲ್ಲ. ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸುತ್ತೇನೆ. ನೀರು ಕೊಡುತ್ತೇನೆ. ಊರು ಯಾವುದು, ಹೊಲ ಎಷ್ಟು, ಈ ಸಲ ತೊಗರಿ ಹೇಗೆ ಅಂತ ಕೇಳುತ್ತೇನೆ. ಅಲ್ಲಿಯ ತನಕ ಎಷ್ಟು ಬೇಕಾದರೂ ಪಾಕ. ಆಮೇಲೆ ಸೂಜಿಯನ್ನು ಸೂಜಿ ಅಂತಲೇ ಹೇಳುತ್ತೇನೆ. ದಿನಾ ಚುಚ್ಚಿಕೊಳ್ಳಬೇಕು, ಬಿಟ್ಟರೆ ಏನಾಗುತ್ತದೆ ಅನ್ನುವುದನ್ನೂ ಹೇಳುತ್ತೇನೆ. ಕೆಲವರು ಅಳುತ್ತಾರೆ. ಇಬ್ಬರು ಬೇರೆ ಅಂಗಡಿಗೆ ಹೋದರು. ಪರವಾಗಿಲ್ಲ.

ನನ್ನ ಮಾತು ಮುಗಿಯಿತು. ಏನಾದರೂ ಕೇಳುವುದಿದ್ದರೆ ಕೇಳಿ.

(ಮೂರ್ನಾಲ್ಕು ಪ್ರಶ್ನೆ ಬಂದವು. ಸಕ್ಕರೆ ಬದಲು ಬರುವ ಸಣ್ಣ ಗುಳಿಗೆಯ ಬಗ್ಗೆ ಒಬ್ಬರು ಕೇಳಿದರು. ತೂಕ ಇಳಿಸಲು ಅವನ್ನು ನೆಚ್ಚಿಕೊಳ್ಳಬೇಡಿ ಅಂತ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದನ್ನು ತಿಳಿಸಿದೆ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಹೆಣ್ಣುಮಗಳು ಎದ್ದು ನಿಂತರು.)

"ನಮ್ಮ ಅತ್ತಿಯವರಿಗೆ ಶುಗರ್ ಅದ. ಸ್ವಲ್ಪ ಅಲ್ಲ, ಜಾಸ್ತೀನೇ ಅದ. ಯುಗಾದಿಗೆ ಬೇವು ಕುಡಸ್ಲೋ ಬ್ಯಾಡೋ?"

ನಮ್ಮ ಕಡೆಯ ಯುಗಾದಿ ಬೇವು ಅಂದರೆ ಪಾನಕ. ಹೊಸ ಗಡಿಗೆಯಲ್ಲಿ ಹುಣಸೆ ನೀರು, ಬೆಲ್ಲ, ಮಾವಿನಕಾಯಿ, ಪುಟಾಣಿ (ಹುರಿಗಡಲೆ), ಬೇವಿನ ಹೂವು. ಹೂವಿಗಿಂತ ಬೆಲ್ಲವೇ ಮುಂದೆ ಇರುತ್ತದೆ. ಅರ್ಧ ಲೋಟ ಕೊಡಿ, ಬೆಲ್ಲ ಕಡಿಮೆ ಹಾಕಿ, ಆವತ್ತಿನ ಊಟದಲ್ಲಿ ಹೋಳಿಗೆ ಒಂದಕ್ಕೇ ನಿಲ್ಲಿಸಿ ಅಂದೆ.

"ಬೇವು ನಾ ಕುಡಸ್ತೀನಿ. ಹೋಳಿಗಿ ಒಂದೇ ಅನ್ನೂದು ಮಾತ್ರ ನೀವೇ ಬಂದು ಹೇಳ್ರಿ. ನಿಮ್ಮ ಬಾಯಿಗೆ ಸಕ್ರಿ ಹಾಕ್ತೀನಿ" ಅಂದರು.